ಲಾರಿ ನಿಂತ ಮೂವತ್ತೈದು ನಿಮಿಷ

ಸುಪ್ರಿಯಾಳ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವಳಿಗೆ ಒಂದೇ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಸಿಂಗಪುರದ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಹೆಂಗಸರು ರಾಫೆಲ್ಸ್ ಪ್ಲೇಸ್‌ನ ಯಾವುದೋ ಬ್ಯಾಂಕಿನ ಹೆಸರು ಹೇಳಿ ಮಾತು ಮುಗಿಸುತ್ತಿದ್ದರು. ಇವಳು, "ಯೂನಿವರ್ಸಿಟಿಯಲ್ಲಿ ರಿಸರ್ಚು. ಮಲೇಷ್ಯಾದಿಂದ ತರಕಾರಿ ಬರುತ್ತಲ್ಲ, ಅದರ ಬಗ್ಗೆ" ಅನ್ನುವಳು. "ತರಕಾರಿ ಬಗ್ಗೇನಾ?" ಎಂದು ಅವರು ನಕ್ಕರೆ ಇವಳೂ ಸ್ವಲ್ಪ ನಕ್ಕು ಪಾಯಸದ ಬಟ್ಟಲಿಗೆ ಕೈ ಹಾಕುವಳು. ವಿವರಿಸುವ ಉಮೇದು ಮೊದಲ ವರ್ಷದಲ್ಲೇ ಮುಗಿದುಹೋಗಿತ್ತು.

ಹುಟ್ಟಿ ಬೆಳೆದದ್ದು ಗದಗಿನಲ್ಲಿ. ಧಾರವಾಡದಲ್ಲಿ ಕೃಷಿ ಓದಿ, ಕೊಯ್ದ ಸೊಪ್ಪು ಎಷ್ಟು ಹೊತ್ತಿಗೆ ಬಾಡುತ್ತದೆ, ಯಾಕೆ ಬಾಡುತ್ತದೆ ಎಂಬುದರ ಮೇಲೆ ಎರಡು ವರ್ಷ ದುಡಿದು ಎಂ.ಎಸ್ಸಿ. ಮುಗಿಸಿದ್ದಳು. ಗಂಡ ಪ್ರಭುದೇವ ವಿಮಾನದ ಎಂಜಿನ್ ರಿಪೇರಿ ಮಾಡುವವನು. ಅವನಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಾಗ ಅವಳೂ ಬಂದಳು. ಅವನು ಬುಕಿತ್ ಬಾಟೋಕ್‌ನ ಮನೆಯಿಂದ ದಿನಾ ಸೆಲೆಟಾರ್‌ಗೆ, ಅಂದರೆ ದ್ವೀಪದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗಿ ಬರುತ್ತಿದ್ದ. ಅವಳು ಹತ್ತು ವರ್ಷ ಅಲ್ಲಿ ಇಲ್ಲಿ ಲ್ಯಾಬುಗಳಲ್ಲಿ ಗಾಜಿನ ಸಾಮಾನು ತೊಳೆಯುವುದರಿಂದ ಹಿಡಿದು ಮಾದರಿ ಪರೀಕ್ಷೆಯವರೆಗೆ ಸಿಕ್ಕಿದ್ದನ್ನು ಮಾಡಿದಳು. ನಲವತ್ತೊಂದಕ್ಕೆ ಈ ಯೋಜನೆಯಲ್ಲಿ ಸಂಶೋಧನಾ ಸಹಾಯಕಿಯ ಜಾಗ ಸಿಕ್ಕಿತು. ವರ್ಷ ವರ್ಷಕ್ಕೆ ನವೀಕರಿಸಬೇಕಾದ ಕೆಲಸ. ಆದರೂ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ಎಂದು ಅವಳು ಅವತ್ತು ಮನೆಯಲ್ಲಿ ಶೇಂಗಾ ಹೋಳಿಗೆ ಮಾಡಿದ್ದಳು.

ಅದು ೨೦೧೪. ಯೋಜನೆಯ ಉದ್ದೇಶ ಕಾಗದದ ಮೇಲೆ ಚೆನ್ನಾಗಿತ್ತು. ಊಟದ ಬಹುಪಾಲು ಹೊರಗಿನಿಂದಲೇ ಬರಬೇಕಾದ ಊರಿದು. ಮಲೇಷ್ಯಾದಿಂದ ಬರುವ ಸೇತುವೆಯ ಮೇಲೆ ಲಾರಿ ನಿಂತರೆ ತಟ್ಟೆಗೆ ಏನಾಗುತ್ತದೆ ಎಂದು ತಿಳಿಯಬೇಕು. ಅದಕ್ಕಾಗಿ ಗಡಿ ಭದ್ರತೆಯವರು, ಅರ್ಥಶಾಸ್ತ್ರದವರು, ಆಹಾರ ವಿಜ್ಞಾನದವರು ಒಂದೇ ಮೇಜಿನ ಸುತ್ತ ಕೂರಬೇಕು. ಕೂತರು ಕೂಡ. ಆದರೆ ಒಂದು ಲಾರಿ ಗಡಿಯಲ್ಲಿ ಎರಡು ತಾಸು ನಿಂತರೆ ಭದ್ರತೆಯವರಿಗೆ ಅದು ತಪಾಸಣೆ, ಅರ್ಥಶಾಸ್ತ್ರದವರಿಗೆ ವೆಚ್ಚ, ಸುಪ್ರಿಯಾಳಿಗೆ ಬಾಡಿದ ಸೊಪ್ಪು. ವರದಿಯಲ್ಲಿ ಯಾವ ಶಬ್ದ ಹಾಕಬೇಕು ಎಂಬುದರ ಮೇಲೆಯೇ ಒಂದು ಇಡೀ ಮಧ್ಯಾಹ್ನ ಕಳೆದದ್ದುಂಟು. ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದ ಆಹಾರ ವಿಜ್ಞಾನದ ಪ್ರೊಫೆಸರು ವರ್ಷ ತುಂಬುವ ಮೊದಲೇ ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಅವರ ಕೆಲಸ ಮಾತ್ರ ಇವಳ ಮೇಜಿಗೆ ಬಂತು.

ಅವಳ ನಿಜವಾದ ಕೆಲಸ ನಡೆಯುತ್ತಿದ್ದದ್ದು ಪಾಸಿರ್ ಪಂಜಾಂಗಿನ ಸಗಟು ತರಕಾರಿ ಮಾರುಕಟ್ಟೆಯಲ್ಲಿ. ಬೆಳಿಗ್ಗೆ ಏಳರ ಹೊತ್ತಿಗೆ ಗಡಿಯಾಚೆ ಮಲೇಷ್ಯಾದ ಜೋಹೋರ್‌ನಿಂದ ಬಂದ ಲಾರಿಗಳು ಸರಕು ಇಳಿಸಿ ಖಾಲಿಯಾಗಿರುತ್ತಿದ್ದವು. ಚಾಲಕರು ಚಹಾ ಕುಡಿಯುತ್ತ ಕೂತಿರುವಾಗ ಅವಳು ಅವರ ಲಾರಿಗಳಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ ವಾಪಸು ಪಡೆದು, ಮುಂದಿನ ಸಲಕ್ಕೆ ಇನ್ನೊಂದು ಕೊಡುತ್ತಿದ್ದಳು. ಅದನ್ನು ತರಕಾರಿಯ ಕ್ರೇಟಿನೊಳಗೆ ಇಟ್ಟರೆ ಐದೈದು ನಿಮಿಷಕ್ಕೊಮ್ಮೆ ಎಷ್ಟು ಬಿಸಿ ಇತ್ತೆಂದು ತಾನೇ ಬರೆದುಕೊಳ್ಳುತ್ತಿತ್ತು.

ಮೊದಮೊದಲು ಯಾರೂ ಒಪ್ಪಲಿಲ್ಲ. ಒಪ್ಪಿದವರಲ್ಲಿ ಮೊದಲಿಗ ಆರುಮುಗಂ. ಜೋಹೋರ್‌ನ ಕುಲಾಯಿ ಕಡೆಯವನು, ಅರವತ್ತರ ಹತ್ತಿರದ ಮನುಷ್ಯ, ರಬ್ಬರ್ ತೋಟದಲ್ಲಿ ಹುಟ್ಟಿದ ತಮಿಳ. ಸುಪ್ರಿಯಾ ಒಪ್ಪಿಗೆ ಪತ್ರವನ್ನು ತನ್ನ ಅರೆಬರೆ ತಮಿಳಿನಲ್ಲಿ ಅವನಿಗೆ ಓದಿ ಹೇಳಿದಳು.

"ಇದು ಬಿಸಿ ಮಾತ್ರ ಅಳೆಯುತ್ತದೆ ಅಣ್ಣಾ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ."

"ಬಿಸಿ ಅಳೆದು ಏನು ಮಾಡುತ್ತೀರಿ ಅಮ್ಮಾ? ನನ್ನನ್ನು ಕೇಳಿದರೆ ನಾನೇ ಹೇಳುತ್ತೇನೆ, ಬಹಳ ಬಿಸಿ," ಎಂದು ಅವನು ಸಹಿ ಹಾಕಿದ. ಅವನನ್ನು ನೋಡಿ ಇನ್ನೂ ಹನ್ನೊಂದು ಮಂದಿ ಹಾಕಿದರು.

ಎರಡನೆಯ ವರ್ಷದ ಆರಂಭದಲ್ಲಿ ಹಳೆಯ ಯಂತ್ರಗಳು ಕೆಟ್ಟು ಹೊಸವು ಬಂದವು. ಬಣ್ಣ ಅದೇ, ಗಾತ್ರ ಅದೇ. ಅವುಗಳ ವಿವರದ ಕಾಗದ ನಾಲ್ಕು ಪುಟದ್ದು, ಇಮೇಲ್‌ನಲ್ಲಿ ಬಂತು. ಅವಳು ಎಂಆರ್‌ಟಿ ರೈಲಿನಲ್ಲಿ ನಿಂತುಕೊಂಡು ಎರಡು ಪುಟ ಓದಿದಳು. ಅಷ್ಟರಲ್ಲಿ ಸ್ಟೇಷನ್ ಬಂತು. ಉಳಿದೆರಡು ಪುಟ ಉಳಿದೇ ಹೋಯಿತು.

ಆ ವರ್ಷ ಸೆಪ್ಟೆಂಬರಿನಲ್ಲಿ ಸುಮಾತ್ರಾದ ಕಾಡಿನ ಬೆಂಕಿಯ ಹೊಗೆ, ಇಲ್ಲಿಯವರು ಹೇಜ್ ಅನ್ನುವುದು, ಊರನ್ನೆಲ್ಲ ಮುಚ್ಚಿತ್ತು. ಎದುರಿನ ಬ್ಲಾಕ್ ಕಾಣಿಸದಷ್ಟು ಹೊಗೆ. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಎಲ್ಲರೂ ಸಭೆಗೆ ಬಂದರು. ಯೋಜನೆಯ ಮುಖ್ಯಸ್ಥರು ಗಡಿ ಭದ್ರತೆಯ ಪ್ರೊಫೆಸರ್ ಟೇ, ಮೆತ್ತಗೆ ಮಾತಾಡುವ, ಯಾರ ಹುಟ್ಟುಹಬ್ಬವನ್ನೂ ಮರೆಯದ ಮನುಷ್ಯ. ಅವತ್ತು ಅವರ ದನಿಯಲ್ಲಿ ಹುರುಪಿತ್ತು. ಪರದೆಯ ಮೇಲೆ ಜೋಹೋರ್‌ನ ನಕ್ಷೆ. ಅದರ ಮೇಲೆ ಕೆಂಪು ಚುಕ್ಕೆಗಳು.

"ಏಳನೇ ನಂಬರಿನ ಲಾರಿ," ಎಂದರು ಅವರು. "ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಗಡಿಗೆ ಬರುವ ಮೊದಲು ಒಂದೇ ತಿರುವಿನಲ್ಲಿ ಮೂವತ್ತೈದು ನಿಮಿಷ ನಿಲ್ಲುತ್ತದೆ. ಅದು ನೋಂದಾಯಿತ ತೋಟವಲ್ಲ, ಪೆಟ್ರೋಲ್ ಬಂಕ್ ಅಲ್ಲ. ಅಲ್ಲಿ ಏನು ನಡೆಯುತ್ತಿದೆ?"

ಏಳನೇ ನಂಬರು ಆರುಮುಗಂನದು. ಹೊಸ ಯಂತ್ರ ಲಾರಿ ಎಲ್ಲಿದೆ ಎಂಬುದನ್ನೂ, ಅವಳು ತೆರೆಯದ ಬೇರೊಂದು ಕಡತದಲ್ಲಿ, ಬರೆದುಕೊಳ್ಳುತ್ತಿತ್ತು ಎಂದು ಸುಪ್ರಿಯಾಳಿಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಇನ್ನೊಂದು ಸಂಗತಿಯೂ ಹೊಳೆಯಿತು. ಅದೇ ಹೊತ್ತಿಗೆ ಕ್ರೇಟಿನ ಬಿಸಿ ನಾಲ್ಕು ಡಿಗ್ರಿ ಏರುತ್ತಿದ್ದದ್ದನ್ನು ಅವಳು ತಿಂಗಳುಗಟ್ಟಲೆ ನೋಡಿದ್ದಳು. ಲಾರಿಯ ಫ್ರಿಜ್ ಕೈಕೊಡುತ್ತಿರಬೇಕು ಎಂದು ಬರೆದಿದ್ದಳು. ಫ್ರಿಜ್ ಅಲ್ಲ, ಲಾರಿಯ ಹಿಂಬಾಗಿಲು ತೆಗೆಯುತ್ತಿದ್ದರು.

ಸಭೆ ಮುಗಿದ ಮೇಲೆ ಹರ್ಷವರ್ಧನ್ ಅವಳ ಹಿಂದೆಯೇ ಬಂದ. ಬೆಂಗಳೂರಿನ ಹುಡುಗ, ಅರ್ಥಶಾಸ್ತ್ರದ ಪಿಎಚ್.ಡಿ. ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವನು.

"ಸುಪ್ರಿಯಾ ಮೇಡಂ, ಸಕತ್ ಡೇಟಾ ಅಲ್ವಾ? ನಿಮ್ಮ ಟೆಂಪರೇಚರ್ ಡೇಟಾ ಜೊತೆ ಮ್ಯಾಚ್ ಮಾಡಿದ್ರೆ ಡೋರ್ ಓಪನ್ ಆಗಿದ್ದೂ ಪ್ರೂವ್ ಆಗುತ್ತೆ. ನನಗೆ ಒಂದು ಪೇಪರ್, ನಿಮಗೆ ಒಂದು ಪೇಪರ್."

"ಹರ್ಷ, ಡ್ರೈವರ್‌ಗಳು ಸಹಿ ಹಾಕಿದ ಫಾರ್ಮ್‌ನಲ್ಲಿ ಬಿಸಿ ಮಾತ್ರ ಅಂತ ಬರೆದಿದೆ. ನಾನೇ ಓದಿ ಹೇಳಿದ್ದು."

"ಅಯ್ಯೋ, ಹೆಸರು ಹಾಕಲ್ಲ ಮೇಡಂ. ಲಾರಿ ಸೆವೆನ್ ಅಷ್ಟೇ."

"ಮಂಗಳವಾರ, ಶುಕ್ರವಾರ ಆ ತಿರುವಿನಲ್ಲಿ ನಿಲ್ಲೋ ಲಾರಿ ಎಷ್ಟಿರುತ್ತೆ?"

ಅವನು ಮಾಸ್ಕ್ ಸರಿಮಾಡಿಕೊಂಡು ಹೊರಟ. ಕೆಟ್ಟ ಹುಡುಗನಲ್ಲ, ಆರುಮುಗಂನನ್ನು ಒಂದು ಸಲವೂ ಕಂಡವನಲ್ಲ, ಅಷ್ಟೇ.

ಮನೆಗೆ ಬಂದರೆ ಮಗಳು ಅಮೂಲ್ಯಾ, "ಅಮ್ಮ, ಡೋರ್ ಕ್ವಿಕ್ ಆಗಿ ಕ್ಲೋಸ್ ಮಾಡು ಲಾ, ಹೇಜ್ ಒಳಗೆ ಬರ್ತಿದೆ" ಎಂದಳು. ಪ್ರಭುದೇವ ಹೆಂಡತಿಯ ಮುಖ ನೋಡಿದ.

"ಯಾಕ, ಏನಾತು?"

ಅವಳು ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ.

"ಮತ್ತ ನೀ ಏನ್ ಮಾಡ್ತಿ?"

"ಗೊತ್ತಿಲ್ರೀ. ಅಂವಾ ಅಲ್ಲಿ ಏನ್ ಮಾಡ್ತಾನ ಅಂತ ಮೊದಲ ಕೇಳ್ಬೇಕು. ಏನಾರ ಕೆಟ್ಟದ್ದ ಇದ್ರ?"

"ಇದ್ರ ಇರ್ಲಿ. ನಿಂದೂ ತಪ್ಪೈತಲ್ಲ, ಓದದ ಕೊಟ್ಟಿ," ಎಂದ ಅವನು. ಬೈಯುವ ದನಿಯಲ್ಲ. ಅವನ ಕೆಲಸದಲ್ಲಿ ಒಂದು ಬೋಲ್ಟ್ ಬಿಗಿ ಮಾಡಿದರೂ ಎರಡು ಕಡೆ ಸಹಿ ಬೀಳುತ್ತಿತ್ತು. ಓದದೆ ಸಹಿ ಹಾಕುವುದು ಅವನಿಗೆ ತಿಳಿಯದ ವಿಷಯ. ಅದು ನಿಜವೆಂದೇ ಅವಳಿಗೆ ಆ ಮಾತು ಹೆಚ್ಚು ನಾಟಿತು.

ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಆರುಮುಗಂ ಖಾಲಿ ಕ್ರೇಟುಗಳ ಮೇಲೆ ಕೂತು ಕೆಮ್ಮುತ್ತಿದ್ದ. ಅವಳು ಸುತ್ತಿಬಳಸದೆ ಕೇಳಿದಳು. ಅವನ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಗಟ್ಟಿಯಾಯಿತು.

"ಬಿಸಿ ಮಾತ್ರ ಅಂದಿದ್ದಿರಿ."

"ಅಂದಿದ್ದೆ. ಹೊಸ ಯಂತ್ರ ಬಂದಾಗ ನಾನು ಸರಿಯಾಗಿ ಓದಲಿಲ್ಲ. ತಪ್ಪು ನನ್ನದು."

ಅವನು ಚಹಾದ ಲೋಟ ಕೆಳಗಿಟ್ಟ. ಆಮೇಲೆ ಹೇಳಿದ. ತೀರಿಹೋದ ತಮ್ಮನ ಹೆಂಡತಿ, ಜಯಾ ಅಂತ, ಆ ತಿರುವಿನ ಹಿಂದೆ ಎರಡು ಎಕರೆ ಮಾಡುತ್ತಾಳೆ. ಹರಿವೆ ಸೊಪ್ಪು, ಬೆಂಡೆ. ಸಿಂಗಪುರಕ್ಕೆ ಕಳಿಸಬೇಕಾದರೆ ತೋಟದ ಹೆಸರು ಕಾಗದದಲ್ಲಿರಬೇಕು, ತರಿಸಿಕೊಳ್ಳುವ ವ್ಯಾಪಾರಿ ಅನುಮತಿ ತೆಗೆದಿರಬೇಕು. ಹನ್ನೆರಡು ಕ್ರೇಟಿಗೆ ಯಾವ ವ್ಯಾಪಾರಿಯೂ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಇವನು ದೊಡ್ಡ ತೋಟದ ಕ್ರೇಟುಗಳ ನಡುವೆ ಅವಳ ಹನ್ನೆರಡನ್ನು ಸೇರಿಸುತ್ತಿದ್ದ. ಮೂರು ವರ್ಷದಿಂದ.

"ಕಳ್ಳಮಾಲಲ್ಲ ಅಮ್ಮಾ. ಸೊಪ್ಪು."

"ಆಕೆ ಹುಳಕ್ಕೆ ಏನು ಹೊಡೆಯುತ್ತಾಳೆ?"

"ಅದು ನನಗೇನು ಗೊತ್ತು?"

ಸುಪ್ರಿಯಾಳಿಗೆ ಬೇರೆ ಯಾವ ಉತ್ತರ ಸಿಕ್ಕಿದ್ದರೂ ಸಮಾಧಾನವಾಗುತ್ತಿತ್ತು. ಆದರೆ ಅವಳು ಓದಿದ್ದೇ ಇದನ್ನು. ಕಾಗದದಲ್ಲಿಲ್ಲದ ಸೊಪ್ಪನ್ನು ಗಡಿಯಲ್ಲಿ ಯಾರೂ ಅದರ ಹೆಸರಿನಲ್ಲಿ ಪರೀಕ್ಷಿಸುವುದಿಲ್ಲ. ಅದು ಇಲ್ಲಿಂದ ಅಂಗಡಿಗೆ, ಅಂಗಡಿಯಿಂದ ಯಾರದೋ ಮಗುವಿನ ತಟ್ಟೆಗೆ ಹೋಗುತ್ತದೆ. ಅವಳು ಆ ಕ್ರೇಟುಗಳು ಹೋದ ಮಳಿಗೆಯನ್ನು ಹುಡುಕಿ ಮೂರು ಕಟ್ಟು ಹರಿವೆ ಕೊಂಡಳು. ಲ್ಯಾಬಿಗೆ ಒಯ್ದು ಹೆಚ್ಚಿ, ರುಬ್ಬಿ, ಪರೀಕ್ಷೆಗಿಟ್ಟಳು. ಎಲ್ಲ ಶುದ್ಧ ಎಂದು ಬಂದುಬಿಡಲಿ ಎಂದು ಮನಸ್ಸಿನಲ್ಲಿ ಗುರುಬಸವನನ್ನು ನೆನೆದಳು. ಎರಡು ಕಟ್ಟು ಚೆನ್ನಾಗಿದ್ದವು. ಮೂರನೆಯದರಲ್ಲಿ ಕೀಟನಾಶಕ ಮಿತಿಗಿಂತ ಹೆಚ್ಚೇ ಇತ್ತು. ಒಬ್ಬರನ್ನು ಆಸ್ಪತ್ರೆಗೆ ಕಳಿಸುವಷ್ಟಲ್ಲ. ಇಲ್ಲ ಎನ್ನುವಷ್ಟು ಕಡಿಮೆಯೂ ಅಲ್ಲ.

ಮಂಗಳವಾರ ಆ ಕಾಗದವನ್ನು ಆರುಮುಗಂನ ಮುಂದೆ ಹಿಡಿದಳು. "ತೊಳೆದರೆ ಹೋಗುವಂಥದ್ದಲ್ಲ ಅಣ್ಣಾ. ಔಷಧ ಹೊಡೆದ ಮೇಲೆ ಇಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಇರುತ್ತೆ. ಆಕೆ ಬಿಡುತ್ತಿಲ್ಲ. ಇನ್ನು ತರಬೇಡಿ."

"ತಂದರೆ?"

ಏನು ಹೇಳಬೇಕೆಂದು ಅವಳು ಯೋಚಿಸಿ ಬಂದಿರಲಿಲ್ಲ. "ತಂದರೆ ನಾನು ಹೇಳಲೇಬೇಕಾಗುತ್ತೆ."

ಅವನು ಜೇಬಿನಿಂದ ಯಂತ್ರ ತೆಗೆದು ಅವಳ ಕೈಗಿಟ್ಟು ಎದ್ದುಹೋದ. ಉಳಿದ ಹನ್ನೊಂದು ಜನರಲ್ಲಿ ಎಂಟು ಮಂದಿ ಆ ವಾರವೇ ಯಂತ್ರ ಹಿಂದಿರುಗಿಸಿದರು. ಅವನೇ ಹೇಳಿರಬೇಕು. ಹೇಳಿದ್ದು ತಪ್ಪೆಂದು ಅವಳಿಗೆ ಅನ್ನಿಸಲಿಲ್ಲ.

ಆಮೇಲೆ ಅವಳು ಪತ್ರ ಬರೆದಳು. ಲಾರಿಗಳು ಎಲ್ಲೆಲ್ಲಿದ್ದವೆಂಬ ಮಾಹಿತಿಯನ್ನು ಚಾಲಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಲಾಗಿದೆ, ಒಪ್ಪಿಗೆ ಪಡೆದವಳು ತಾನೇ, ತಾನು ಹೇಳಿದ್ದು ಸುಳ್ಳಾಯಿತು, ಆದ್ದರಿಂದ ಅದನ್ನು ಬಳಸಬಾರದು ಎಂದು. ಅರ್ಧ ಪುಟದ ಪತ್ರಕ್ಕೆ ಎರಡು ಭಾನುವಾರ ಹಿಡಿಯಿತು. ಸಂಶೋಧನೆಯ ನೀತಿನಿಯಮ ನೋಡುವ ಯೂನಿವರ್ಸಿಟಿಯ ನೈತಿಕ ಸಮಿತಿಗೆ ಕಳಿಸುವ ಮೊದಲು ಪ್ರೊಫೆಸರ್ ಟೇ ಅವರ ಕೈಗೆ ಕೊಟ್ಟಳು. ಅವರು ಕನ್ನಡಕ ತೆಗೆದು ಓದಿ, ಮತ್ತೆ ಹಾಕಿಕೊಂಡು ಓದಿದರು.

"ನೀನು ಅವನೊಂದಿಗೆ ಮಾತಾಡಿದ್ದೀಯ."

"ಹೌದು."

"ಅಲ್ಲಿ ಏನೋ ಸೇರಿಸುತ್ತಿದ್ದಾನೆ."

ಅವಳು ಅವರ ಕೈಯಲ್ಲಿದ್ದ ಪತ್ರ ನೋಡಿದಳು.

"ಸುಪ್ರಿಯಾ, ತಪಾಸಣೆಯಾಗದ ಆಹಾರ ಒಳಗೆ ಬರುತ್ತಿದ್ದರೆ ಅದರ ಬಗ್ಗೆ ಎಲ್ಲರಿಗಿಂತ ಹೆಚ್ಚು ಕಾಳಜಿ ಇರಬೇಕಾದ್ದು ನಿನಗಲ್ಲವೇ? ನಾನು ಗಡಿ ನೋಡುವವನು. ನೀನು ಆಹಾರ ನೋಡುವವಳು."

"ಅದಕ್ಕೇ ಅವರಿಗೆ ನಿಲ್ಲಿಸಿ ಎಂದು ಹೇಳಿದ್ದೇನೆ."

"ನಿಲ್ಲಿಸಿದ್ದಾನೆ ಎಂದು ಹೇಗೆ ಗೊತ್ತು?"

"ಗೊತ್ತಿಲ್ಲ," ಎಂದಳು. ಸುಳ್ಳು ಹೇಳಬಹುದಿತ್ತು, ಆದರೆ ಅಷ್ಟು ತ್ರಾಣವೂ ಉಳಿದಿರಲಿಲ್ಲ.

ಅವರು ಸಿಟ್ಟಾಗಲಿಲ್ಲ. ಪತ್ರವನ್ನು ತಾವೇ ಸಮಿತಿಗೆ ಕಳಿಸುವುದಾಗಿ ಹೇಳಿದರು, ಕಳಿಸಿದರು ಕೂಡ. ಆ ತಿಂಗಳುಗಳಲ್ಲಿ ಸುಪ್ರಿಯಾ ತರಕಾರಿ ಅಂಗಡಿಯಲ್ಲಿ ಹರಿವೆಯ ಕಟ್ಟು ಕಂಡರೆ ನಿಲ್ಲುತ್ತಿದ್ದಳು. ಇದು ಎಲ್ಲಿಯದು? ಬಾಯಿ ಮುಚ್ಚಿಕೊಂಡು ತಾನು ಮಾಡಿದ್ದು ಸರಿಯೇ? ಅಧಿಕಾರಿಗಳಿಗೆ ಹೇಳಿಬಿಟ್ಟಿದ್ದರೆ ಆ ಮುದುಕನ ಲಾರಿ ಓಡಿಸುವ ಪರವಾನಗಿ ಹೋಗುತ್ತಿತ್ತು. ಹೇಳದ್ದರಿಂದ ಯಾರ ಹೊಟ್ಟೆಗೆ ಏನು ಹೋಯಿತೋ. ಯೋಚಿಸಿ ಯೋಚಿಸಿ ತಲೆ ಭಾರವಾಗಿ ಏನೂ ಕೊಳ್ಳದೆ ಮನೆಗೆ ಬರುತ್ತಿದ್ದಳು.

ಸಮಿತಿಯ ತೀರ್ಮಾನ ಜನವರಿಯಲ್ಲಿ ಬಂತು. ಅವಳ ಮಾತನ್ನು ಅವರು ಒಪ್ಪಿದರು, ಅವಳು ಕೇಳಿದ್ದಕ್ಕಿಂತ ಹೆಚ್ಚಾಗಿಯೇ ಒಪ್ಪಿದರು. ಒಪ್ಪಿಗೆ ಪತ್ರವೇ ದೋಷದ್ದಾದ್ದರಿಂದ ಆ ಯಂತ್ರಗಳಿಂದ ಬಂದ ಎಲ್ಲ ಮಾಹಿತಿಯನ್ನೂ ಅಳಿಸಬೇಕು. ಲಾರಿ ಎಲ್ಲಿತ್ತು ಎಂಬುದನ್ನೂ, ಎಷ್ಟು ಬಿಸಿ ಇತ್ತು ಎಂಬುದನ್ನೂ. ಅವಳ ಒಂದು ವರ್ಷದ ಬೆಳಗುಗಳೆಲ್ಲ ಅದರಲ್ಲಿದ್ದವು. ಸೇತುವೆಯ ಮೇಲೆ ಒಂದೊಂದು ತಾಸು ಹೆಚ್ಚು ನಿಂತರೆ ಸೊಪ್ಪಿನ ಆಯುಷ್ಯ ಎಷ್ಟು ಕಡಿಮೆಯಾಗುತ್ತದೆ ಎಂದು ಅವಳು ಕಂಡುಕೊಂಡದ್ದು, ಯಾರಿಗೂ ಇನ್ನೂ ತೋರಿಸದೆ ಇಟ್ಟುಕೊಂಡಿದ್ದ ಒಂದು ಒಳ್ಳೆಯ ಲೆಕ್ಕಾಚಾರ, ಅದೂ ಅದರಲ್ಲೇ ಇತ್ತು.

ಅಳಿಸುವಾಗ ಹರ್ಷವರ್ಧನ್ ಪಕ್ಕದಲ್ಲೇ ಇದ್ದ. ಅವನ ಪೇಪರ್ ಕೂಡ ಹೋಗುತ್ತಿತ್ತು. ಮೂರು ವಾರ ಅವಳೊಂದಿಗೆ ಮಾತು ಬಿಟ್ಟಿದ್ದವನು ಅವತ್ತು ಹೇಳಿದ: "ನಿಮ್ಮದೂ ಹೋಗುತ್ತೆ ಅಂತ ಮೊದಲೇ ಗೊತ್ತಿದ್ರೆ ಬರೀತಿದ್ರಾ ಮೇಡಂ?"

"ಗೊತ್ತಿಲ್ಲ ಹರ್ಷ. ಬಹುಶಃ ಇನ್ನೊಂದು ತಿಂಗಳು ತಡ ಮಾಡ್ತಿದ್ದೆ."

ಮಾರ್ಚಿಗೆ ಅವಳ ಕೆಲಸದ ಅವಧಿ ಮುಗಿಯಿತು. ಮುಂದುವರಿಸಲಿಲ್ಲ. ಅನುದಾನ ಇಲ್ಲ ಎಂದರು, ಅದು ನಿಜವೂ ಇದ್ದಿರಬಹುದು. ಬೀಳ್ಕೊಡುಗೆಗೆ ಪ್ರೊಫೆಸರ್ ಟೇ ಕೇಕ್ ತರಿಸಿದ್ದರು. ಯೋಜನೆಯ ವರದಿ ಮೊದಲ ವರ್ಷದ ಅಂಕಿಗಳ ಮೇಲೆ ಹೊರಬಂತು. ಕೊನೆಯ ಪುಟದಲ್ಲಿ ನೆರವಾದವರ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಜೂನ್‌ನಲ್ಲಿ ಮಗಳಿಗೆ ಶಾಲೆ ರಜೆ ಬಂದಾಗ ಅವಳು ಗಂಡನಿಗೆ, "ಕುಲಾಯಿಗೆ ಹೋಗಿ ಬರೂಣೇನು?" ಎಂದಳು. ಆರುಮುಗಂನ ಫೋನ್ ನಂಬರಿತ್ತು. ಎರಡು ಸಲ ತೆಗೆಯಲಿಲ್ಲ. ಮೂರನೆಯ ಸಲ ತೆಗೆದು, ವಿಷಯ ಕೇಳಿ, ಜಾಗ ಹೇಳಿದ. ಶನಿವಾರ ಗಡಿಯ ಸಾಲಿನಲ್ಲಿ ಎರಡೂವರೆ ತಾಸು ನಿಂತು, ಎರಡು ಬಸ್ಸು ಬದಲಿಸಿ ಅವರು ಮೂವರೂ ಆ ತಿರುವಿಗೆ ತಲುಪುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಕ್ಷೆಯ ಮೇಲೆ ಕೆಂಪು ಚುಕ್ಕೆಯಾಗಿ ಕಂಡ ಜಾಗ ಒಂದು ಮಣ್ಣಿನ ದಾರಿ, ಒಂದು ತಗಡಿನ ಚಪ್ಪರ.

ಜಯಾ ತಲೆಗೆ ಟವೆಲ್ ಸುತ್ತಿಕೊಂಡು ಬೆಂಡೆ ಕೊಯ್ಯುತ್ತಿದ್ದಳು. ಬಗ್ಗಿದವಳು ಏಳದೆ ಕೇಳಿದಳು: "ಲಾರಿ ನಿಲ್ಲದಂತೆ ಮಾಡಿದ್ದು ನೀವೇನಾ?"

"ನಾನೇ."

"ಈಗ ಏನು ಬೇಕು?"

"ನೀವು ಹೊಡೆಯುವ ಔಷಧ ನೋಡಬೇಕಿತ್ತು."

ಆ ಸಾಲು ಕೊಯ್ದು ಮುಗಿಸಿ ಅವಳು ಚಪ್ಪರದ ಕೆಳಗಿನಿಂದ ಒಂದು ಬಾಟಲಿ ತಂದಳು. ಖನಿಜ ನೀರಿನ ಬಾಟಲಿ, ಅದರಲ್ಲಿ ಹಳದಿ ದ್ರವ. ಹೆಸರಿಲ್ಲ, ಚೀಟಿಯಿಲ್ಲ. ಪೇಟೆಯ ಅಂಗಡಿಯವನು ದೊಡ್ಡ ಡಬ್ಬಿಯಿಂದ ಸುರಿದು ಕೊಟ್ಟದ್ದು. ಎಷ್ಟು ನೀರಿಗೆ ಎಷ್ಟು ಎಂದು ಬಾಯಲ್ಲಿ ಹೇಳಿದ್ದ. ಎಷ್ಟು ದಿನ ಬಿಡಬೇಕೆಂದು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಸುಪ್ರಿಯಾ ನೆಲದ ಮೇಲೆ ಕೂತಳು. ಧಾರವಾಡದಲ್ಲಿ ಓದುವಾಗ ಸುತ್ತಲಿನ ಹಳ್ಳಿಗಳಿಗೆ ಹೋಗಿ ರೈತರಿಗೆ ಹೇಳುತ್ತಿದ್ದುದನ್ನೇ ಹರಕು ತಮಿಳಿನಲ್ಲಿ ಹೇಳಿದಳು. ಯಾವ ಹುಳಕ್ಕೆ ಬೇವಿನ ಎಣ್ಣೆಯೇ ಸಾಕು, ಯಾವುದಕ್ಕೆ ಔಷಧ ಬೇಕೇ ಬೇಕು, ಹೊಡೆದ ಮಡಿಗೆ ಬಟ್ಟೆ ಕಟ್ಟಿ ಗುರುತಿಟ್ಟು ಎಷ್ಟು ದಿನ ಮುಟ್ಟಬಾರದು. ಜಯಾ ಎಲ್ಲ ಕೇಳಿದಳು. ನಡುವೆ ಎರಡು ಪ್ರಶ್ನೆ ಕೇಳಿದಳು. ಎರಡೂ ಸರಿಯಾದ ಪ್ರಶ್ನೆಗಳು. ಆಮೇಲೆ ಒಳಗೆ ಹೋಗಿ ಮೂವರಿಗೂ ಸಕ್ಕರೆ ಹೆಚ್ಚಾದ ಕಪ್ಪು ಚಹಾ ತಂದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ.

"ನಿಮ್ಮ ತೋಟವನ್ನು ಕಾಗದಕ್ಕೆ ಹತ್ತಿಸೋಕೆ ಯಾರಾದರೂ ವ್ಯಾಪಾರಿಯನ್ನು ಕೇಳಿ ನೋಡುತ್ತೇನೆ," ಎಂದಳು ಸುಪ್ರಿಯಾ ಹೊರಡುವಾಗ.

ಕೇಳಿದಳು ಕೂಡ. ಪಾಸಿರ್ ಪಂಜಾಂಗಿನಲ್ಲಿ ಪರಿಚಯವಿದ್ದ ನಾಲ್ಕು ಮಳಿಗೆಯವರನ್ನು ಕೇಳಿದಳು. ಮೂವರು ಹನ್ನೆರಡು ಕ್ರೇಟೇ ಎಂದು ನಕ್ಕರು. ನಾಲ್ಕನೆಯವರು ನೋಡೋಣ ಎಂದರು, ನೋಡಲಿಲ್ಲ.

ಮರುವರ್ಷ ಅವಳಿಗೆ ಒಂದು ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಸಭೆಗಳಿಲ್ಲ. ಬಂದ ಸೊಪ್ಪನ್ನು ಹೆಚ್ಚುವುದು, ರುಬ್ಬುವುದು, ಅಂಕಿ ಬರೆಯುವುದು. ಅದು ಎಲ್ಲಿಂದ ಬಂತೆಂದು ಚೀಟಿಯ ಮೇಲೆ ನಂಬರ್ ಮಾತ್ರ ಇರುತ್ತಿತ್ತು. ಒಮ್ಮೆ ದೀಪಾವಳಿಗೆ ಆರುಮುಗಂನ ಫೋನ್ ಬಂತು. ಸಿಂಗಪುರದ ಓಡಾಟ ಬಿಟ್ಟು ಈಗ ಊರಿನ ಸುತ್ತಮುತ್ತಲೇ ಲಾರಿ ಓಡಿಸುತ್ತಿದ್ದ. ಗಡಿಯ ಸಾಲು ತಪ್ಪಿತು, ಬೆನ್ನಿಗೆ ಒಳ್ಳೆಯದಾಯಿತು ಎಂದ. ಜಯಾ ಸೊಪ್ಪನ್ನು ಕುಲಾಯಿಯ ಸಂತೆಯಲ್ಲೇ ಮಾರುತ್ತಾಳೆ, ಮೊದಲಿನಷ್ಟು ಗಿಟ್ಟುವುದಿಲ್ಲ.

"ಔಷಧ ಹೊಡೆದ ಮೇಲೆ ದಿನ ಬಿಡುತ್ತಾರಾ ಅಣ್ಣಾ?"

"ಬಿಡುತ್ತೇನೆ ಅನ್ನುತ್ತಾಳೆ. ಮಡಿಗಳಿಗೆ ಬಟ್ಟೆ ಕಟ್ಟಿದ್ದಾಳೆ, ಅದನ್ನು ನೋಡಿದ್ದೇನೆ. ಇನ್ನುಳಿದದ್ದು ನನಗೇನು ಗೊತ್ತು ಅಮ್ಮಾ?"

ಹಬ್ಬದ ಶುಭಾಶಯ ಹೇಳಿ ಅವನು ಫೋನ್ ಇಟ್ಟ. ಸುಪ್ರಿಯಾ ಸೋಫಾದ ಮೇಲೆ ಕಾಲು ಚಾಚಿ ಕೂತಳು. ಅಡುಗೆಮನೆಯಿಂದ ಪ್ರಭುದೇವ, "ಯಾರ ಫೋನು?" ಎಂದ.

"ಕುಲಾಯಿದವ್ರು. ಹಬ್ಬಕ್ಕ ಮಾಡಿದ್ರು," ಎಂದಳು. ಇನ್ನೂ ಹೇಳಬೇಕೆನ್ನಿಸಿತು, ಆದರೆ ಅವನಿಗೆ ಬೆಳಿಗ್ಗೆ ಬೇಗ ಕೆಲಸವಿತ್ತು, ತನಗೂ ಇತ್ತು. ಅವಳು ಎದ್ದು ಒಣಗಿದ ಬಟ್ಟೆ ಮಡಚತೊಡಗಿದಳು.